ಕ್ಲಿಪ್ ತಾನಾಗಿ ತೆರೆಯುವುದಿಲ್ಲ

ಅಪ್ಪ ಸೀಟಿ ಊದಿದರು. ಎರಡು ಕಂಪ್ಯೂಟರುಗಳ ಮೇಲೆ ಒಮ್ಮೆಗೇ ಎಂಟರ್ ಬಿತ್ತು.

ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಓಟ ಕಲಿಸಿ ನಿವೃತ್ತರಾದ ಮನುಷ್ಯನಿಗೆ ಮನೆಯ ಮೇಜಿನ ಮೇಲೇ ಪಂದ್ಯ ಸಿಕ್ಕರೆ ಕೇಳಬೇಕೆ! ಕೊರಳಲ್ಲಿ ಸ್ಟಾಪ್‌ವಾಚ್, ಕಾಲಲ್ಲಿ ಬಿಳಿ ಶೂ. ಎಡಗಡೆ ಮಗಳ ಏಳು ವರ್ಷದ ಹಳೇ ಡಬ್ಬ. ಬಲಗಡೆ ಅಂಗಡಿಯವರು ಒಂದು ದಿನದ ಮಟ್ಟಿಗೆ ನೋಡಲು ಕೊಟ್ಟಿದ್ದ ಹೊಸ ಮಾಡೆಲ್. ಸಂಜೆಯೊಳಗೆ ಕೊಳ್ಳಬೇಕು, ಇಲ್ಲವೇ ಹಿಂದಿರುಗಿಸಬೇಕು. ಅವಳು ಮನೆಯಲ್ಲೇ ಕೂತು ಆಡಿಯೋ ಪುಸ್ತಕಗಳ ಎಡಿಟಿಂಗ್ ಮಾಡುವವಳು. ಒಂದು ಇಡೀ ಪುಸ್ತಕವನ್ನು ಯಾವುದು ಬೇಗ ಸಿದ್ಧಮಾಡಿ ಕೊಡುತ್ತದೋ ಅದು ಗೆದ್ದಂತೆ.

ಹೊಸದರ ಪರ ಅಪ್ಪ, ಅತ್ತಿಗೆ. ಹಳೆಯದರ ಪರ ಅವಳೊಬ್ಬಳೇ. ತೀರ್ಪು ಹೇಳಲು ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದ್ದರು. ಎಲ್ಲದಕ್ಕೂ ‘ಒಂದ್ನಿಮಿಷ’ ಅಂದು ಒಂದು ಗಂಟೆ ಹಿಡಿಸುವುದರಿಂದ ಬೀದಿಗೆಲ್ಲ ಅವನ ಹೆಸರೇ ಒಂದ್ನಿಮಿಷ.

“ಸುಮ್ನೆ ದುಡ್ಡು ದಂಡ ಅಪ್ಪಾ,” ಎಂದಳು ಅವಳು. “ಜಾಹೀರಾತಲ್ಲಿ ಏನ್ ಬೇಕಾದ್ರೂ ಬರ್ಕೋತಾರೆ. ಸ್ವಲ್ಪ ಹೊತ್ತು ಓಡಿದ್ರೆ ಬಿಸಿಯಾಗಿ ಏದುಸಿರು ಬಿಡುತ್ತೆ, ನೋಡ್ತಿರಿ.”

“ಏದುಸಿರು ಬಿಡ್ತಿರೋದು ನಿನ್ನ ಡಬ್ಬಾನೇ ಕಣೇ,” ಅತ್ತಿಗೆ ಕಿವಿ ಮುಚ್ಚಿಕೊಂಡರು. “ಫ್ಯಾನ್ ಸದ್ದಿಗೆ ತಲೆ ಚಿಟ್ಟು ಹಿಡೀತಿದೆ.”

ಅವಳ ಹಟಕ್ಕೆ ಕಾರಣ ಬೇರೆ ಇತ್ತು. ಈ ವರ್ಷ ಹಳೆಯದು ಐದು ಸಲ ಕೈಕೊಟ್ಟಿತ್ತು. ಐದು ಸಲವೂ ಒಂದ್ನಿಮಿಷ ಬಂದ, ನೆಲದ ಮೇಲೆ ಕೂತು ಬಿಚ್ಚಿದ, ‘ಧೂಳು’ ಎಂದ. ಆಮೇಲೆ ಅವಳ ಹೆಡ್‌ಫೋನ್ ಹಾಕಿಕೊಂಡು, ಅವಳು ಎಡಿಟ್ ಮಾಡುತ್ತಿದ್ದ ಕಥೆ ಕೇಳುತ್ತಾ ಸರಿಯಾದ ಜಾಗದಲ್ಲೇ ನಕ್ಕ. ಆ ನಗುವಿಗೆ ಅವಳು ಸೋತಿದ್ದಳು.

ನಿಜವಾಗಿ ಕೆಟ್ಟಿದ್ದು ಮೊದಲ ಸಲ ಮಾತ್ರ. ಅವನು ಎಲ್ಲಿ ಬೆರಳಿಡುತ್ತಾನೆಂದು ಅಂದೇ ನೋಡಿಟ್ಟುಕೊಂಡಿದ್ದಳು. ಉಳಿದ ನಾಲ್ಕು ಸಲ ತಾನೇ ಬಾಗಿಲು ಹಾಕಿಕೊಂಡು, ಒಳಗಿನ ರ‍್ಯಾಮ್ ಎಂಬ ಮೆಮೊರಿ ಪಟ್ಟಿಯನ್ನು ಕಂಪ್ಯೂಟರ್ ಶುರುವಾಗದಂತೆ ಸಡಿಲ ಮಾಡಿ, ಏನೂ ಅರಿಯದವಳಂತೆ ಫೋನ್ ಮಾಡಿದ್ದಳು. ಹೊಸದಕ್ಕೆ ಮೂರು ವರ್ಷ ಕಂಪನಿಯ ಗ್ಯಾರಂಟಿ. ಅದು ಮನೆಗೆ ಬಂದರೆ ಅವನು ಬರುವುದಿಲ್ಲ.

“ಮುಗೀತು!” ಅಪ್ಪ ಎಗರಿದರು. “ನಾಲ್ಕು ನಿಮಿಷ ಹನ್ನೊಂದು ಸೆಕೆಂಡ್! ಹೊಸದು ಫಸ್ಟ್!”

ಹಳೆಯದು ಇನ್ನೂ ಕಾಲುಭಾಗವನ್ನೂ ದಾಟಿರಲಿಲ್ಲ.

“ನೀನೇನಂತೀಯಪ್ಪಾ?” ಅಪ್ಪ ಅವನತ್ತ ತಿರುಗಿದರು. ‘ಹಳೇದೇ ಸಾಕು’ ಎಂದು ಅವನು ಅಂದರೆ ಅಪ್ಪ ಒಪ್ಪುತ್ತಾರೆ. ಅವಳು ಕಣ್ಣಲ್ಲೇ ಬೇಡಿಕೊಂಡಳು. ಅವನು ಆ ಕಣ್ಣನ್ನು ನೋಡಿದ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ನೋಡಿ, ತಲೆ ತಗ್ಗಿಸಿದ.

“ಹೊಸದು ತಗೊಳ್ಳಿ ಸರ್. ಕೊಟ್ಟ ದುಡ್ಡಿಗೆ ಮೋಸ ಇಲ್ಲ.”

ಅವಳ ಮುಖ ಸಪ್ಪಗಾಯಿತು. ಅಪ್ಪ ಅಂಗಡಿಗೆ ಫೋನ್ ಮಾಡಲು ಹೊರಗೆ ಓಡಿದರು. ಅತ್ತಿಗೆ ಇಬ್ಬರ ಮುಖವನ್ನೂ ಒಮ್ಮೆ ನೋಡಿ, ಒಲೆಯ ಮೇಲೆ ಏನೂ ಇಲ್ಲದಿದ್ದರೂ “ಅಯ್ಯೋ, ಹಾಲು ಉಕ್ತಿದೆ” ಎಂದು ಎದ್ದುಹೋದರು.

“ನನ್ನ ಕಾಟ ತಪ್ಪಿದ್ರೆ ಸಾಕಾಗಿತ್ತಾ ನಿಮಗೆ?”

“ಒಂದ್ನಿಮಿಷ—”

“ನಿಮ್ಮ ಒಂದು ನಿಮಿಷ ನಂಗೆ ಗೊತ್ತು, ಬಿಡಿ.”

“ಹೊಸದರಲ್ಲಿ ಒಂದು ಕೊರತೆ ಇದೆ. ನಿಮ್ಮಪ್ಪನ ಮುಂದೆ ಹೇಳೋಕಾಗ್ಲಿಲ್ಲ.” ಅವನ ತುಟಿಯಂಚಿನಲ್ಲಿ ತುಂಟತನ ಇಣುಕಿತು. “ಇದರ ರ‍್ಯಾಮ್ ಒಳಗೇ ಬೆಸುಗೆ ಹಾಕಿಬಿಟ್ಟಿದ್ದಾರೆ. ಯಾರೂ ಸಡಿಲ ಮಾಡೋಕಾಗಲ್ಲ.”

ಅವಳ ಕಿವಿಗಳು ಬಿಸಿಯಾದವು.

“ಹಳೇದರಲ್ಲಿ ರ‍್ಯಾಮ್ ತುದೀಗೆ ಕ್ಲಿಪ್ ಇದೆ. ಅದು ತಾನಾಗಿ ತೆರ್ಕೊಳಲ್ಲ. ಬೆರಳಲ್ಲಿ ಒತ್ಲೇಬೇಕು. ಎರಡನೇ ಸಲ ಬಂದಾಗ್ಲೇ ಗೊತ್ತಾಯ್ತು ನಂಗೆ.”

“ಗೊತ್ತಿದ್ದೂ ಧೂಳು ಅಂದ್ರಾ? ನಾಲ್ಕು ಸಲ!”

“ನಿಜ ಹೇಳಿದ್ರೆ ಮತ್ತೆ ನೀವು ಕರೀತಿದ್ರಾ?”

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾಚಿಕೆ, ನಗು, ಖುಷಿ ಮೂರೂ ಒಟ್ಟಿಗೇ ನುಗ್ಗಿ ಬಂದಿದ್ದವು. “ಮತ್ತೆ ಹೊಸದು ತಗೊಳ್ಳಿ ಅಂತ ಯಾಕಂದ್ರಿ?”

“ಆ ಡಬ್ಬದ ಜೊತೆ ನೀವು ಹೆಣಗೋದು ನೋಡಿದೀನಲ್ಲ. ನಾನು ಬರ್ಲಿ ಅಂತ ನಿಮ್ಮ ಕೆಲಸ ಹಾಳಾಗೋದು ಬೇಡ.” ಅವನ ದನಿ ತಗ್ಗಿತು. “ಅಲ್ದೆ, ಏನಾದ್ರೂ ಕೆಟ್ಟಾಗ ಮಾತ್ರ ಬರೋದು ನಂಗೂ ಸಾಕಾಗಿದೆ. ನೀವಂದ್ರೆ ನಂಗೆ ತುಂಬಾ ಇಷ್ಟ. ಭಾನುವಾರ ಬರ್ಲಾ? ಸ್ಕ್ರೂಡ್ರೈವರ್ ತರಲ್ಲ.”

ಅವಳು ಬೆರಳ ಸಂದಿಯಿಂದ ನೋಡಿದಳು. “ಬನ್ನಿ. ಆದ್ರೆ ಒಂದೇ ಗಂಟೇಲಿ ಎದ್ದು ಹೋಗೋ ಹಾಗಿದ್ರೆ ಬೇಡ.”

ಹಳೇ ಡಬ್ಬ ಯಾವಾಗಲೋ ತನ್ನ ಓಟ ಮುಗಿಸಿ ಟಿಣ್ ಎಂದಿತು. ಎಷ್ಟು ನಿಮಿಷವಾಯಿತೆಂದು ಇಬ್ಬರೂ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪನೇ ಬಾಗಿಲು ತೆಗೆದರು. ಹೊರಗೆ ನಿಂತಿದ್ದವನದು ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ, ಬರಿಗೈ.

“ಇದೇನಪ್ಪಾ, ಹೊಸದು ಆಗ್ಲೇ ಕೆಡ್ತಾ?”

“ಏನೂ ಕೆಟ್ಟಿಲ್ಲ ಸರ್.”

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಮಗಳು ಓಡಿಬಂದಳು. ಅವಳು ಬಂದ ವೇಗ ನೋಡಿ, ಮೂವತ್ತು ವರ್ಷ ಓಟ ಕಲಿಸಿದ ಮನುಷ್ಯ ಮತ್ತೇನೂ ಕೇಳದೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.