ಹದಿನಾಲ್ಕನೆಯ ಮನೆಯ ಓರೆಗೆರೆ

ಬೆಳಗ್ಗೆ ಆರೂಮುಕ್ಕಾಲಿಗೆ ಸರಿಯಾಗಿ ಔಷಧ ತರುವ ಹಾರುಪೆಟ್ಟಿಗೆ ಹೊಸಕಟ್ಟೆ ಪಟ್ಟಣದ ಹದಿನಾಲ್ಕನೆಯ ನಂಬರಿನ ಮನೆಯ ಜಗಲಿಗೆ ಇಳಿದು, ಮನೆಯ ಯಜಮಾನನ ಹೆಬ್ಬೆರಳಿನ ಗುರುತು ಕೇಳಿತು. ಒಳಗಿದ್ದದ್ದು ಒಂದೇ ಒಂದು ಜೀವಮಾತ್ರೆ. ೨೦೮೩ರ ಹೊತ್ತಿಗೆ ದುರ್ಬಲ ಹೃದಯದ ಬಡಿತವನ್ನು ತಿದ್ದಲು ಶಸ್ತ್ರಚಿಕಿತ್ಸೆ ಬೇಕಿರಲಿಲ್ಲ, ದಿನಕ್ಕೊಂದು ಜೀವಮಾತ್ರೆ ಸಾಕಿತ್ತು. ಆದರೆ ಪೆಟ್ಟಿಗೆಯ ತಂಪಿನಿಂದ ಹೊರಬಂದ ಹತ್ತು ನಿಮಿಷದೊಳಗೆ ನುಂಗದಿದ್ದರೆ ಅದು ಬರೀ ಸುಣ್ಣದ ಪುಡಿ.

ಯಜಮಾನರಾದ ಚಿರಂತನ್ ಎಪ್ಪತ್ತೊಂದರಲ್ಲೂ ಗುಂಡುಕಲ್ಲಿನಂತಿದ್ದರು. ಮಾತ್ರೆ ಬೇಕಾದದ್ದು ಗೋಡೆಯಾಚೆಯ ತಮ್ಮ ನಿಶಾಂತ್‌ಗೆ, ಅವರಿಗೆ ಅದು ಮೊದಲ ದಿನದ ಮಾತ್ರೆ. ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಪೆಟ್ಟಿಗೆಯ ಮೇಲೆ ತಮ್ಮನ ಹೆಸರು ನೋಡಿ ಚಿರಂತನ್ ಬೆರಳು ಕೊಡದೆ ಒಳಗೆ ಹೋದರು. ಪೆಟ್ಟಿಗೆ ಹತ್ತು ನಿಮಿಷ ಕಾದು ಹಾರಿಹೋಯಿತು.

ಸಂಜೆಯ ಹೊತ್ತಿಗೆ ನಿಶಾಂತ್‌ಗೆ ತಲೆ ಸುತ್ತಿತು. ಮರುದಿನ ಅವರು ಗೋಡೆ ಹಿಡಿದುಕೊಂಡೇ ಔಷಧ ಮಂಡಲಿಯ ಕಚೇರಿ ಸೇರಿದರು. ಅಲ್ಲಿನ ದತ್ತಸಂಚಯ ತಜ್ಞೆ ಡಾಕ್ಟರ್ ಮೇದಿನಿ ಅವರಿಗೆ ಕಾಫಿ ತರಿಸಿ, ನಡೆದದ್ದನ್ನು ಬಿಡಿಸಿ ಹೇಳಿದರು. ನಿಶಾಂತ್ ಅವರ ಮನೆ ನಂಬರು ೧೪/೨. ವಿಳಾಸದ ಅಂಕಣಕ್ಕೆ ಒಂದು ಒಪ್ಪುನಿಯಮವಿದೆ. ಅಕ್ಷರ ಮತ್ತು ಅಂಕಿ ಬಿಟ್ಟು ಬೇರಾವ ಚಿಹ್ನೆ ಬಂದರೂ ಅದು ತಿರಸ್ಕರಿಸುತ್ತದೆ. ಹಿಂದೆ ಕಿಡಿಗೇಡಿಗಳು ಇಂಥ ಚಿಹ್ನೆಗಳ ಮರೆಯಲ್ಲಿ ಆಜ್ಞೆಗಳನ್ನು ತುರುಕಿ ಇಡೀ ದತ್ತಸಂಚಯವನ್ನೇ ಅಳಿಸಿಬಿಡುತ್ತಿದ್ದರು, ಅದಕ್ಕೇ ಈ ಕಾವಲು. ಓರೆಗೆರೆ ತೆಗೆದರೆ ೧೪೨ ಆಗುತ್ತದೆ, ಅದು ಆಚೆ ಬೀದಿಯ ಮನೆ. ಹಾಗಾಗಿ ಗುಮಾಸ್ತರು ತಮಗೆ ತಿಳಿದ ಮಟ್ಟಿಗೆ ಬುದ್ಧಿ ಉಪಯೋಗಿಸಿ ಬರೀ ೧೪ ಎಂದು ಬರೆದಿದ್ದರು.

"ಆ ಗೆರೆ ಎಳೆಸೋಕೆ ನಾನು ಮೂರು ವರ್ಷ ಕೋರ್ಟಿಗೆ ಅಲೆದಿದ್ದೀನಿ, ಮೇಡಂ. ನಿಮ್ಮ ಯಂತ್ರ ಬೇಡ ಅಂದ್ಬಿಟ್ರೆ ಹೇಗೆ?" ಎಂದರು ನಿಶಾಂತ್.

ಅಲೆದದ್ದು ನಿಜ. ಹಿಸ್ಸೆಯಾದಾಗ ನಡುಮನೆಯ ಮಧ್ಯೆ ಗೋಡೆ ಎದ್ದಿತ್ತು. ಕಿಟಕಿಯ ಬಾಗಿಲು ಆ ಕಡೆಗೊಂದು, ಈ ಕಡೆಗೊಂದು. ಅಮ್ಮನ ತೂಗುಮಂಚದ ಹಲಗೆ ಅಣ್ಣನಿಗೆ, ನಾಲ್ಕು ಸರಪಳಿ ತಮ್ಮನಿಗೆ. ಅಂದಿನಿಂದ ಆ ಮನೆಯಲ್ಲಿ ಯಾರೂ ತೂಗಿಕೊಂಡಿರಲಿಲ್ಲ. ಇಷ್ಟು ನ್ಯಾಯವಾದ ಹಂಚಿಕೆ ತಾಲ್ಲೂಕಿನಲ್ಲೇ ಆಗಿಲ್ಲವೆಂದು ವಕೀಲರು ಹೊಗಳಿದ್ದರು.

ನಿಯಮ ಬದಲಿಸಿ ಪರೀಕ್ಷಿಸಲು ಎಪ್ಪತ್ತು ದಿನ ಬೇಕೆಂದರು ಮೇದಿನಿ. ಅಲ್ಲಿಯವರೆಗೆ ಅಣ್ಣನ ಜಗಲಿಯೇ ಗತಿ. ಅವರು ಚಿರಂತನ್‌ಗೆ ತಾವೇ ಫೋನ್ ಮಾಡಿ, ಬೆರಳು ಕೊಡದಿದ್ದರೆ ನಿಮ್ಮ ತಮ್ಮ ಉಳಿಯುವುದಿಲ್ಲ ಎಂದು ನೇರವಾಗಿಯೇ ಹೇಳಿದರು.

ಮರುದಿನ ಆರೂವರೆಗೇ ಚಿರಂತನ್ ಕೈ ತೊಳೆದು ಜಗಲಿಯಲ್ಲಿ ಕೂತಿದ್ದರು. ತಮ್ಮ ಬಂದ, ಮಾತ್ರೆ ನುಂಗಿದ, ಹೋದ. ಒಂದು ವಾರ ಹೀಗೇ. ಎಂಟನೆಯ ದಿನ ಮಾತ್ರೆಯ ಪಕ್ಕದಲ್ಲಿ ಒಂದು ಲೋಟ ಬಿಸಿನೀರು ಇತ್ತು. ಹದಿನೈದನೆಯ ದಿನ ತಮ್ಮ ಕೂರಲೆಂದು ತೂಗುಮಂಚದ ಹಲಗೆಯನ್ನು ಜಗಲಿಗೆ ತಂದು ಹಾಸಿದ್ದರು. ಆಮೇಲೆ ಮಾತು ಹೇಗೋ ಶುರುವಾಯಿತು, ಮೊದಲು ಹಾರುಪೆಟ್ಟಿಗೆಯನ್ನು ಬಯ್ಯುವ ನೆಪದಲ್ಲಿ. ಅರವತ್ತೊಂಬತ್ತನೆಯ ದಿನ ನಿಶಾಂತ್ ಎರಡು ಸರಪಳಿ ತಂದು ಕೊಟ್ಟು, ಉಳಿದೆರಡು ಅಟ್ಟದ ಮೇಲಿವೆ, ನಾಡಿದ್ದು ತರುತ್ತೇನೆ ಎಂದರು.

ಎಪ್ಪತ್ತನೆಯ ದಿನ ಮೇದಿನಿ ಹೇಳಿದ ಮಾತಿನಂತೆ ನಿಯಮ ತಿದ್ದಿದರು. ಮರುದಿನ ಹಾರುಪೆಟ್ಟಿಗೆ ನೆಟ್ಟಗೆ ೧೪/೨ರ ಬಾಗಿಲಿಗೆ ಇಳಿಯಿತು. ನಿಶಾಂತ್ ಮಾತ್ರೆ ನುಂಗಿ ಮನೆಯಲ್ಲೇ ಉಳಿದರು. ಅಣ್ಣನ ಕಡೆಗೆ ಹೋಗಲು ಇನ್ನು ಕಾರಣವಿರಲಿಲ್ಲ. ಕಾರಣವಿಲ್ಲದೆ ಹೋಗಲು ಹನ್ನೊಂದು ವರ್ಷದ ಹಟ ಬಿಡಲಿಲ್ಲ. ಅಟ್ಟದಿಂದ ಇಳಿಸಿದ ಸರಪಳಿಗಳು ಚೀಲದಲ್ಲೇ ಇದ್ದವು.

ಅದಾದ ನಾಲ್ಕನೆಯ ದಿನ ಮಂಡಲಿಗೆ ಒಂದು ದೂರು ಬಂತು. ದೂರುದಾರರು ಚಿರಂತನ್. ಕೋರಿಕೆ, ಹಾರುಪೆಟ್ಟಿಗೆಯನ್ನು ಮೊದಲಿನಂತೆ ೧೪ಕ್ಕೇ ಕಳುಹಿಸುವುದು. ಕಾಯಿಲೆಯ ಅಂಕಣದಲ್ಲಿ 'ಇಲ್ಲ' ಎಂದಿತ್ತು. ಕಾರಣದ ಅಂಕಣದಲ್ಲಿ 'ತಮ್ಮ ಬರುತ್ತಿಲ್ಲ' ಎಂದಿತ್ತು. ನಿಷಿದ್ಧ ಚಿಹ್ನೆ ಯಾವುದೂ ಇಲ್ಲದ್ದರಿಂದ ಯಂತ್ರ ಅದನ್ನು ಸ್ವೀಕರಿಸಿ, 'ಸರಬರಾಜಿನಲ್ಲಿ ವ್ಯತ್ಯಯ' ಎಂಬ ವರ್ಗಕ್ಕೆ ಸೇರಿಸಿತ್ತು.

ಮೇದಿನಿ ಅದನ್ನು ಎರಡು ಸಲ ಓದಿದರು. ಅವರಿಗೆ ತಾವು ಮಾಡಿದ ತಿದ್ದುಪಡಿಯ ಮೇಲೆಯೇ ಸಿಟ್ಟು ಬಂತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ, ಗೊತ್ತಿದ್ದೂ ಗೊತ್ತಿದ್ದೂ, ನಿಶಾಂತ್ ಅವರ ವಿಳಾಸದಿಂದ ಓರೆಗೆರೆಯನ್ನೂ ಅದರ ಮುಂದಿನ ೨ ಅಂಕಿಯನ್ನೂ ಅಳಿಸಿದರು. ಯಂತ್ರ ತಕರಾರಿಲ್ಲದೆ ಒಪ್ಪಿಕೊಂಡಿತು.

ಮರುದಿನ ಆರೂಮುಕ್ಕಾಲಿಗೆ ಪೆಟ್ಟಿಗೆ ಮತ್ತೆ ಅಣ್ಣನ ಜಗಲಿಗೆ ಇಳಿಯಿತು. ಈ ಮಂಡಲಿಯವರಿಗೆ ಒಂದು ಕೆಲಸವೂ ನೆಟ್ಟಗೆ ಮಾಡಲು ಬರುವುದಿಲ್ಲವೆಂದು ಬೀದಿಗೆಲ್ಲ ಕೇಳುವಂತೆ ಬಯ್ಯುತ್ತಾ ನಿಶಾಂತ್ ಬಂದರು. ಕೈಯಲ್ಲಿ ಸರಪಳಿಯ ಚೀಲವಿತ್ತು.