ಉಗ್ರಾಣದ ಗೋಡೆಯ ಇನ್ನೂರ ಹನ್ನೆರಡು ಜನ

ಮಂಗಳವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಊರಿನ ಇತಿಹಾಸ ಸಂಘದ ಕಾರ್ಯದರ್ಶಿ ಠಾಣೆಗೆ ಬಂದರು. ನಿವೃತ್ತ ಹೆಡ್‌ಮಾಸ್ತರು. ದೂರನ್ನು ಮನೆಯಲ್ಲೇ ಎರಡು ಪ್ರತಿ ಬರೆದು, ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದಿಕೊಂಡು ತಂದಿದ್ದರು. ನದಿ ದಂಡೆಯ ಹಳೆಯ ಧಾನ್ಯದ ಉಗ್ರಾಣಕ್ಕೆ ಯಾರೋ ಕದ್ದು ನುಗ್ಗಿ ಮಹಡಿಯ ಗೋಡೆಯನ್ನು ಅಲ್ಲಲ್ಲಿ ಕೆರೆದು ಹಾಳು ಮಾಡುತ್ತಿದ್ದಾರೆ, ಕಟ್ಟಡ ಸರ್ಕಾರದ ರಕ್ಷಿತ ಪಟ್ಟಿಯಲ್ಲಿದೆ, ಸೋಮವಾರ ಅಲ್ಲಿ ಊರಿನ ಚರಿತ್ರೆಯ ಪ್ರದರ್ಶನ ಶುರುವಾಗಬೇಕು ಎಂಬುದು ದೂರಿನ ಸಾರಾಂಶ.

“ಯಾವಾಗಿಂದ?” ಇನ್ಸ್‌ಪೆಕ್ಟರ್ ಕೇಳಿದಳು. ಅವಳು ಈ ಊರಿಗೆ ವರ್ಗವಾಗಿ ಬಂದು ಮೂರು ವಾರವಾಗಿತ್ತು.

“ಶುಕ್ರವಾರ ಮೂರು ಕಡೆ ಇತ್ತು. ಇಲಿ ಇರ್ಬೇಕು ಅಂದ್ಕೊಂಡ್ವಿ. ನಿನ್ನೆ ಸಂಜೆ ಎಣಿಸಿದ್ರೆ ಹದಿನೇಳು.”

“ಬೀಗ?”

“ಹಾಕಿದ್ದು ಹಾಕಿದ ಹಾಗೇ ಇದೆ.”

“ಪ್ರದರ್ಶನಕ್ಕೆ ಆ ಗೋಡೆ ಬೇಕಾ?”

“ಬೇಕೇ ಬೇಕು. ಶನಿವಾರ ಬಡಗಿಗಳು ಬರ್ತಾರೆ. ಗೋಡೆ ಕೊರೆದು ನಲವತ್ತು ಫಲಕ ಕೂರಿಸ್ಬೇಕು.”

ಹತ್ತು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಅತಿಕ್ರಮ ಪ್ರವೇಶ, ರಕ್ಷಿತ ಕಟ್ಟಡಕ್ಕೆ ಹಾನಿ, ಆರೋಪಿ ಅಪರಿಚಿತ.

ಇನ್ಸ್‌ಪೆಕ್ಟರ್ ಜತೆ ಹೊರಟವನು ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಅವನನ್ನು ಎಲ್ಲರೂ ರೇಡಿಯೊ ಎನ್ನುತ್ತಿದ್ದರು, ಒಮ್ಮೆ ಹಚ್ಚಿದರೆ ಆರಿಸುವ ಗುಂಡಿ ಇಲ್ಲವೆಂದು. ಉಗ್ರಾಣದ ಮರದ ಮೆಟ್ಟಿಲು ಹತ್ತುವಷ್ಟರಲ್ಲಿ ಅವನು ಪ್ರಕರಣವನ್ನು ಬಗೆಹರಿಸಿಯೂ ಆಗಿತ್ತು.

“ನಿಧಿ ಕಳ್ಳರು ಮೇಡಂ. ಗೋಡೆಯೊಳಗೆ ಏನೋ ಇಟ್ಟಿದಾರೆ ಅಂತ ಯಾರೋ ತಲೆ ಕೆಡಿಸಿರ್ತಾರೆ.”

ಮಹಡಿ ಉದ್ದನೆಯ ಒಂದೇ ಹಜಾರ. ನಡುವೆ ಆಮೇಲೆ ಎಬ್ಬಿಸಿದ ತೆಳು ಅಡ್ಡಗೋಡೆ. ತೂಗುಹಾಕಿದ ಬಲ್ಬುಗಳ ಬೆಳಕಿನಲ್ಲಿ ನದಿ ಕಡೆಯ ಬಿಳಿ ಗೋಡೆಯ ಮೇಲೆ ಅಂಗೈಯಗಲದ ತೇಪೆಗಳು ಕಂಡವು. ಇನ್ಸ್‌ಪೆಕ್ಟರ್ ಟಾರ್ಚ್ ಹಿಡಿದು ಮೊದಲ ತೇಪೆಯ ಹತ್ತಿರ ಹೋದಳು, ಬಗ್ಗಿದಳು, ಹಾಗೆಯೇ ನಿಂತುಬಿಟ್ಟಳು.

ಸುಣ್ಣದ ಆ ಪುಟ್ಟ ಕಿಂಡಿಯಿಂದ ಒಬ್ಬ ಮುದುಕಿ ಅವಳನ್ನೇ ನೋಡುತ್ತಿದ್ದಳು.

ಇದ್ದಿಲಿನ ಗೆರೆ. ಕೆನ್ನೆಗೆ ಇಟ್ಟಿಗೆಪುಡಿಯ ಕೆಂಪು. ಗೆರೆಗಳು ಹೆಚ್ಚಿರಲಿಲ್ಲ, ಎಣಿಸಿದರೆ ಇಪ್ಪತ್ತು ಆಗಬಹುದು. ಆದರೂ ಆ ಮುದುಕಿಗೆ ಹಸಿವಾಗಿತ್ತು, ಅದನ್ನು ಯಾರಿಗೂ ಹೇಳಬಾರದೆಂದು ತುಟಿ ಬಿಗಿಹಿಡಿದಿದ್ದಳು, ಅಷ್ಟೂ ಕಾಣುತ್ತಿತ್ತು. ಎರಡನೆಯ ಕಿಂಡಿಯಲ್ಲಿ ಮೀಸೆಯ ಗಂಡಸು. ಮೂರನೆಯದರಲ್ಲಿ ಒಬ್ಬರ ಹೆಗಲಿಗೊಬ್ಬರು ತಲೆಯಿಟ್ಟು ನಿದ್ದೆ ಹೋದ ಇಬ್ಬರು ಹುಡುಗಿಯರು. ಹದಿನೇಳು ಕಿಂಡಿಗಳಲ್ಲೂ ಮುಖಗಳು, ಒಂದರ ಹಾಗೆ ಇನ್ನೊಂದಿಲ್ಲ. ಇನ್ಸ್‌ಪೆಕ್ಟರ್ ಹನ್ನೆರಡು ವರ್ಷದ ನೌಕರಿಯಲ್ಲಿ ಎಷ್ಟೋ ಕಟ್ಟಡಗಳ ಒಳಗೆ ಟಾರ್ಚ್ ಬಿಟ್ಟಿದ್ದಳು. ಬೆಳಕು ಬಿಟ್ಟಿದ್ದಕ್ಕೆ ಕ್ಷಮೆ ಕೇಳಬೇಕೆಂದು ಅನಿಸಿದ್ದು ಇದೇ ಮೊದಲು.

“ಇದು ಇಲ್ಲಿದೆ ಅಂತ ನಿಮಗೆ ಗೊತ್ತಿತ್ತಾ?” ಅವಳ ದನಿ ತಾನಾಗಿ ತಗ್ಗಿತ್ತು.

ಜತೆಗೆ ಬಂದಿದ್ದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಏನೋ ಕಪ್ಪು ಕಲೆ ಅಂದ್ಕೊಂಡಿದ್ದೆ. ನನಗೆ ಹತ್ತಿರದ್ದು ಸರಿಯಾಗಿ ಕಾಣೋದಿಲ್ಲ... ದೇವರೇ, ಅರವತ್ತೊಂದು ವರ್ಷದ ಹಿಂದಿನ ಪ್ರವಾಹ. ಊರು ಮುಳುಗಿದಾಗ ಜನ ಇದೇ ಮಹಡಿ ಮೇಲೆ ಹನ್ನೊಂದು ದಿನ ಇದ್ರು. ‘ಇನ್ನೂರ ಹನ್ನೆರಡು ಜನರು ಉಗ್ರಾಣದಲ್ಲಿ ಆಶ್ರಯ ಪಡೆದರು’ ಅಂತ ನನ್ನ ಪುಸ್ತಕದಲ್ಲಿ ಒಂದು ಸಾಲು ಬರೆದಿದೀನಿ. ಒಂದೇ ಸಾಲು.”

ಅವರು ಗೋಡೆಯ ಉದ್ದಕ್ಕೂ ಕಣ್ಣಾಡಿಸಿದರು. ಹದಿನೇಳು ಮುಖಗಳ ಸುತ್ತಮುತ್ತ ಬಿಳಿಯ ಸುಣ್ಣ ಸುಮ್ಮನೆ ಹರಡಿಕೊಂಡಿತ್ತು. ಅದರ ಕೆಳಗೆ ಇನ್ನೆಷ್ಟು ಜನವೋ.

ಎದುರಿನ ಸೈಕಲ್ ಅಂಗಡಿಯವನನ್ನೂ ಪಕ್ಕದ ಬೀದಿಯ ಒಬ್ಬ ಬಡಗಿಯನ್ನೂ ಪಂಚರಾಗಿ ಕರೆದು ಹನ್ನೊಂದೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಪ್ರತಿ ಕಿಂಡಿಗೂ ಸಂಖ್ಯೆ, ಅಳತೆ, ಫೋಟೊ. ಕೆರೆದ ಸುಣ್ಣದ ಪುಡಿಯನ್ನು ಗೋಡೆಯ ಬುಡದಲ್ಲಿ ಯಾರೋ ಗುಡಿಸಿ ಒತ್ತಟ್ಟಿಗೆ ಇಟ್ಟಿದ್ದರು. ಹದಿನೈದನೆಯ ಕಿಂಡಿಯಲ್ಲಿ ಮಾತ್ರ ಅಲಗು ಜಾರಿತ್ತು. ಒಬ್ಬ ಹುಡುಗಿಯ ಒಂದು ಕಣ್ಣು, ಅರ್ಧ ಕೆನ್ನೆ ಹೋಗಿ ಒಳಗಿನ ಗಾರೆ ಕಾಣುತ್ತಿತ್ತು.

“ನಿಧಿ ಕಳ್ಳರು ಕಸ ಗುಡಿಸ್ತಾರಾ ರೇಡಿಯೊ?”

“ಇಲ್ಲ ಮೇಡಂ.”

“ಇವನು ಒಂದು ಮುಖ ತೆಗೀತಾನೆ, ನೋಡ್ತಾನೆ, ಮುಂದಕ್ಕೆ ಹೋಗ್ತಾನೆ. ಯಾರನ್ನೋ ಹುಡುಕ್ತಿದಾನೆ.”

ಒಳಗೆ ಬಂದ ದಾರಿ ಸಿಕ್ಕಿದ್ದು ಹಿಂಭಾಗದಲ್ಲಿ. ಹಿಂದೆ ಮೂಟೆ ಜಾರಿಸುತ್ತಿದ್ದ ಸಣ್ಣ ಬಾಗಿಲು. ಸಂದಿಯಲ್ಲಿ ತೆಳು ತಗಡು ತೂರಿಸಿ ಎತ್ತಿದರೆ ಒಳಚಿಲಕ ಬಿಚ್ಚಿಕೊಳ್ಳುತ್ತಿತ್ತು. ಕಟ್ಟಡವನ್ನು ಚೆನ್ನಾಗಿ ಬಲ್ಲವರಿಗಷ್ಟೇ ಹೊಳೆಯುವ ಉಪಾಯ. ರಾತ್ರಿ ದೀಪ ಹಚ್ಚಿದರೆ ಬೀದಿಗೆ ಕಾಣುತ್ತದೆ, ಹಾಗಾಗಿ ಪ್ರದರ್ಶನದ ಸಿದ್ಧತೆಗೆ ಬರುವ ಕೆಲಸಗಾರರು ಊಟಕ್ಕೆ ಹೋಗುವ ಒಂದರಿಂದ ಎರಡು ಗಂಟೆಯ ಒಳಗೆ ಇದು ನಡೆದಿದೆ ಎಂದು ಇನ್ಸ್‌ಪೆಕ್ಟರ್ ಟಿಪ್ಪಣಿ ಬರೆದುಕೊಂಡಳು. ಬಾಗಿಲಿಗೆ ಒಬ್ಬ ಕಾನ್‌ಸ್ಟೇಬಲನ್ನು ಕಾವಲಿಗೆ ಹಾಕಿದಳು.

ಬುಧವಾರ ಬೆಳಿಗ್ಗೆ ಪುರಾತತ್ವ ಇಲಾಖೆಯ ಭಿತ್ತಿಚಿತ್ರ ತಜ್ಞೆ ಬಂದಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಗಂಟೆ ಕಿಂಡಿಗಳನ್ನು ಪರೀಕ್ಷಿಸಿದಳು. ಆಮೇಲೆ ಇನ್ಸ್‌ಪೆಕ್ಟರನ್ನು ಹತ್ತಿರ ಕರೆದು ಕಿಂಡಿಯ ಅಂಚು ತೋರಿಸಿದಳು.

“ಏಳು ಪದರ ಸುಣ್ಣ ಇದೆ. ಆರು ಮಾಮೂಲಿ. ಎಲ್ಲಕ್ಕಿಂತ ಕೆಳಗಿನದನ್ನ ನೋಡಿ. ಅದರಲ್ಲಿ ಅಂಟು ಹಾಕೇ ಇಲ್ಲ. ಅದರ ಅಡಿಯಲ್ಲಿ ಇನ್ನೊಂದು ತೆಳು ಪೊರೆ ಇದೆ.”

“ಏನದು?”

“ಗಂಜಿ. ಬಟ್ಟೆಗೆ ಹಾಕ್ತೀವಲ್ಲ, ಅದೇ. ಚಿತ್ರದ ಮೇಲೆ ಗಂಜಿ ಸವರಿ, ಒಣಗಿದ ಮೇಲೆ ಸುಣ್ಣ ಬಳಿದಿದಾರೆ. ಸುಣ್ಣ ಚಿತ್ರಕ್ಕೆ ಅಂಟಬಾರದು, ಮುಂದೆ ಯಾರಾದ್ರೂ ತೆಗೆದ್ರೆ ಪೊರೆ ಹಾಗೆ ಎದ್ದು ಬರ್ಬೇಕು ಅಂತ. ಮೊದಲ ಸಲ ಸುಣ್ಣ ಹೊಡೆದವನು ಇವರನ್ನೆಲ್ಲ ಬಚ್ಚಿಟ್ಟಿದಾನೆ ಮೇಡಂ.”

ಇನ್ಸ್‌ಪೆಕ್ಟರ್ ಮತ್ತೆ ಗೋಡೆಯತ್ತ ತಿರುಗಿದಳು. ಬಕೆಟ್ಟು, ಕುಂಚ ಹಿಡಿದು ಮೇಲಿನವರ ಅಪ್ಪಣೆ ಪಾಲಿಸುತ್ತಲೇ ಇನ್ನೂರು ಜನರ ಮೇಲೆ ಮೆಲ್ಲಗೆ ಹೊದಿಕೆ ಹೊದಿಸಿದವನು ಯಾರು?

ತಜ್ಞೆ ಇನ್ನೊಂದನ್ನೂ ತೋರಿಸಿದಳು. ಕೆರೆಯುವ ಮುಂಚೆ ಸುಣ್ಣವನ್ನು ಒದ್ದೆ ಬಟ್ಟೆಯಿಂದ ನೆನೆಸಿದ್ದರು. ಒಂಬತ್ತನೆಯ ಕಿಂಡಿಯ ಅಂಚಿನ ಮೆತ್ತನೆಯ ಸುಣ್ಣದಲ್ಲಿ ಹೆಬ್ಬೆರಳು ಊರಿದ ಗುರುತು ಒಣಗಿ ಕೂತಿತ್ತು. ನಡುವೆ ಕುಡುಗೋಲಿನಂತೆ ಬಾಗಿದ ಹಳೆಯ ಗಾಯದ ಗೆರೆ.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಮತ್ತು ರೇಡಿಯೊ ಲೋಕೋಪಯೋಗಿ ಕಚೇರಿಯ ದಾಖಲೆ ಕೋಣೆಯಲ್ಲಿ ಧೂಳು ಕುಡಿದರು. ಪ್ರವಾಹವಾಗಿ ಹತ್ತು ವರ್ಷದ ಮೇಲೆ ಉಗ್ರಾಣವನ್ನು ಸರ್ಕಾರಿ ಕಚೇರಿ ಮಾಡಿದ್ದರು. ‘ಗೋಡೆಗಳ ಗೀಚುಗಳನ್ನು ಮುಚ್ಚಿ ಸುಣ್ಣ ಹೊಡೆಯತಕ್ಕದ್ದು’ ಎಂಬ ಆದೇಶ ಸಿಕ್ಕಿತು. ಅದರ ಹಿಂದೆ ಕೂಲಿಗಳ ಹಾಜರಿ ಪಟ್ಟಿ. ಮೂರು ಹೆಸರು. ಇಬ್ಬರು ಸಹಿ ಹಾಕಿದ್ದರು. ಮೂರನೆಯವನದು, ವಯಸ್ಸು ಹತ್ತೊಂಬತ್ತು, ಹೆಬ್ಬೆಟ್ಟು.

ರೇಡಿಯೊ ಭೂತಗನ್ನಡಿ ಹಿಡಿದು ನೋಡಿದ. ಕನ್ನಡಿಯನ್ನು ಇನ್ಸ್‌ಪೆಕ್ಟರ್ ಕೈಗಿತ್ತ. ಐವತ್ತೊಂದು ವರ್ಷದ ನೀಲಿ ಶಾಯಿಯಲ್ಲಿ ಅದೇ ಕುಡುಗೋಲು.

ಸಂಜೆ ಆರು ಹದಿನೈದಕ್ಕೆ ಬೆರಳಚ್ಚು ವಿಭಾಗದಿಂದ ಫೋನ್ ಬಂತು. ಗೆರೆಗಳು ಸುಣ್ಣಕ್ಕೆ ಸವೆದುಹೋಗಿವೆ, ಉಳಿದಷ್ಟು ಮತ್ತು ಗಾಯದ ಗುರುತು ತಾಳೆಯಾಗುತ್ತವೆ.

ಆ ಹೆಸರನ್ನು ಇನ್ಸ್‌ಪೆಕ್ಟರ್ ಮೇಷ್ಟ್ರಿಗೆ ಹೇಳಿದಳು.

“ಸಂಘಕ್ಕೆ ಯಾವತ್ತಾದ್ರೂ ಬಂದಿದ್ರಾ?”

“ಸುಣ್ಣದ ತಾತ ಅಂತಾರೆ ಅವನನ್ನ. ಮೂರು ಸಲ ಬಂದಿದ್ದ. ಗೋಡೆಯಲ್ಲಿ ಜನ ಇದಾರೆ ಸ್ವಾಮಿ, ಫಲಕ ಹೊಡೀಬೇಡಿ ಅಂದ. ವಯಸ್ಸಾದ್ಮೇಲೆ ಹೀಗಾಗುತ್ತೆ ಅಂದ್ಕೊಂಡೆ. ಬರೆದು ಕೊಡಿ ಅಂದೆ.”

“ಬರೆಯೋಕೆ ಬರ್ತಿತ್ತಾ ಅವರಿಗೆ?”

“ಕೇಳಲಿಲ್ಲ,” ಎಂದರು ಮೇಷ್ಟ್ರು. ಜೀವಮಾನವೆಲ್ಲ ಮಕ್ಕಳಿಗೆ ಬರೆಯಲು ಕಲಿಸಿದವರು ಮುಖ ಎತ್ತಲಿಲ್ಲ.

ಗುರುವಾರ ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಸುಣ್ಣದ ತಾತನ ಮನೆಯ ಬಾಗಿಲು ತೆಗೆದವಳು ಅವನ ತಂಗಿ. ಅರವತ್ತು ದಾಟಿದ ಹೆಂಗಸು. ಎರಡು ಕೋಣೆಯ ಮನೆ ಒರೆಸಿಟ್ಟ ತಟ್ಟೆಯಂತಿತ್ತು. ಗೋಡೆಯ ಮೇಲೆ ಒಂದೂ ಫೋಟೊ ಇರಲಿಲ್ಲ.

“ಅಣ್ಣ ಎಲ್ಲಿ?”

“ಕಣ್ಣಿನ ಆಸ್ಪತ್ರೆಗೆ. ದಿನಾ ಊಟ ಮುಗಿಸಿ ಹನ್ನೆರಡೂವರೆಗೆ ಹೊರಡ್ತಾನೆ. ಈಗ ತಾನೇ ಹೋದ. ಯಾಕಮ್ಮಾ, ಏನಾಯ್ತು?”

“ಕಣ್ಣಿಗೆ ಏನಾಗಿದೆ?”

“ಸುಣ್ಣ ಸಿಡಿದು ಸಿಡಿದು ಹೋಗ್ತಾ ಇದೆ. ದೃಷ್ಟಿ ಈ ವರ್ಷ ದಾಟೋದು ಕಷ್ಟ ಅಂದ್ರು ಡಾಕ್ಟ್ರು.”

ಅವನು ಮತ್ತೆ ಬರಲಿ ಎಂದೇ ಅಂದು ಬೆಳಿಗ್ಗೆ ಇನ್ಸ್‌ಪೆಕ್ಟರ್ ಉಗ್ರಾಣದ ಕಾವಲು ತೆಗೆಸಿದ್ದಳು. ಈಗ ನೇರ ಅಲ್ಲಿಗೆ ಹೋಗಿ ಅಡ್ಡಗೋಡೆಯ ಮರೆಯಲ್ಲಿ ನಿಂತಳು. ಕೆಳಗೆ ರೇಡಿಯೊ, ಇಬ್ಬರು ಕಾನ್‌ಸ್ಟೇಬಲ್‌ಗಳು. ಒಂದು ಗಂಟೆ ಹತ್ತು ನಿಮಿಷಕ್ಕೆ ಮೂಟೆಯ ಬಾಗಿಲ ಚಿಲಕ ಕ್ಲಿಕ್ಕೆಂದಿತು.

ತೆಳ್ಳಗಿನ ಮುದುಕ. ಮೆಟ್ಟಿಲು ಹತ್ತಿ ಬಂದು ಚಪ್ಪಲಿ ಒಂದು ಬದಿಗೆ ಬಿಟ್ಟ. ಕಿಂಡಿಯ ಮುಖಗಳ ಮುಂದೆ ಹಾಯುವಾಗ ಪರಿಚಯದವರ ಬೀದಿಯಲ್ಲಿ ನಡೆಯುವವನಂತೆ ಒಬ್ಬೊಬ್ಬರಿಗೂ ಸ್ವಲ್ಪ ತಲೆಬಾಗಿಸಿದ. ಹದಿನೈದನೆಯದರ ಮುಂದೆ ಮಾತ್ರ ನಿಲ್ಲದೆ ಸರಸರನೆ ದಾಟಿದ. ಚೀಲದಿಂದ ಒದ್ದೆ ಬಟ್ಟೆ, ಅಂಚು ಸವೆದ ಚಮಚ, ಚಿಕ್ಕ ಚಾಕು ತೆಗೆದು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದ.

“ಯಜಮಾನ್ರೆ, ಕೈ ತೆಗೀರಿ.”

ಅವನು ಓಡಲಿಲ್ಲ. ಚಮಚವನ್ನು ಬಟ್ಟೆಯ ಮೇಲಿಟ್ಟ.

“ಬರ್ತೀರಿ ಅಂತ ಗೊತ್ತಿತ್ತು. ಇನ್ನೊಂದು ದಿನ ಸಿಗುತ್ತೇನೋ ಅಂತ ಆಸೆ ಇತ್ತು.”

“ಯಾರನ್ನ ಹುಡುಕ್ತಿದೀರಿ?”

“ನಮ್ಮವ್ವನ್ನ.”

ಇನ್ಸ್‌ಪೆಕ್ಟರ್ ಕೇಳುತ್ತ ಹೋದಳು, ಅವನು ಹೇಳುತ್ತ ಹೋದ. ಪ್ರವಾಹದಲ್ಲಿ ಅವನಿಗೆ ಒಂಬತ್ತು ವರ್ಷ. ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನೊಬ್ಬ ಅವರ ಜತೆ ಇಲ್ಲಿ ಸಿಕ್ಕಿಬಿದ್ದಿದ್ದ. ನೀರು ಏರುತ್ತಲೇ ಇತ್ತು. ಯಾರು ಉಳಿಯುತ್ತಾರೋ ಯಾರು ಹೋಗುತ್ತಾರೋ, ಬಂದವರಿಗೆ ನಾವು ಇದ್ದೆವು ಅಂತಲಾದರೂ ಗೊತ್ತಾಗಲಿ ಎಂದು ಒಲೆಯ ಇದ್ದಿಲು ತಗೊಂಡು ಒಬ್ಬರನ್ನೂ ಬಿಡದೆ ಬರೆದ. ನೀರಿಳಿದ ತಿಂಗಳಿಗೆ ಅವ್ವ ಜ್ವರದಲ್ಲಿ ತೀರಿಕೊಂಡಳು. ಫೋಟೊ ತೆಗೆಸುವ ಮನೆತನವಲ್ಲ.

“ನೀರಿಳಿದ ಮೇಲೆ ಇದಕ್ಕೆ ಬೀಗ ಹಾಕಿ ಯಾರನ್ನೂ ಒಳಗೆ ಬಿಡಲಿಲ್ಲ. ಹತ್ತು ವರ್ಷದ ಮೇಲೆ ಸುಣ್ಣ ಹೊಡಿ ಅಂದ್ರು. ಒಲ್ಲೆ ಅಂದ್ರೆ ಬೇರೆಯವನನ್ನ ಕರೀತಿದ್ರು, ಅವನು ಕೆರೆದೇ ಹೊಡೀತಿದ್ದ. ಅದಕ್ಕೆ ಗಂಜಿ ಬಳಿದೆ. ಅವ್ವನ ಮೇಲೆ ಕೊನೆಗೆ ಬಳಿದೆ.”

“ಜಾಗ ಗೊತ್ತಿರ್ಬೇಕಲ್ಲ ಹಾಗಾದ್ರೆ?”

“ನದಿ ಕಡೆ ಕಿಟಕಿಯಿಂದ ಬಲಕ್ಕೆ ನಾಲ್ಕನೆಯವಳು. ಈಗ ಬಂದು ನೋಡಿದ್ರೆ ಕಿಟಕೀನೇ ಇಲ್ಲ. ಮುಚ್ಚಿಬಿಟ್ಟಿದಾರೆ. ಶನಿವಾರ ಮೊಳೆ ಹೊಡೀತಾರೆ ಅಂತ ಕೇಳ್ದೆ. ದಿಕ್ಕು ತೋಚಲಿಲ್ಲ ತಾಯಿ.”

“ಹದಿನೈದನೇದು?”

“ಆ ಮಗು ನನ್ನ ಕೈಯಿಂದ ಹೋಯ್ತು. ಅದಕ್ಕೆ ಏನು ಶಿಕ್ಷೆ ಕೊಡ್ತೀರೋ ಕೊಡಿ.”

“ಒಂದ್ಸಲ ನೋಡ್ಬೇಕು ಅಂತ ಇಷ್ಟೆಲ್ಲ?”

“ನನಗಲ್ಲ. ನಾನು ನೋಡಿದೀನಿ, ಮರೆತಿಲ್ಲ. ನನ್ನ ತಂಗಿಗೆ ಅವ್ವನ ಮುಖ ನೆನಪೇ ಇಲ್ಲ. ಆಗ ಅವಳು ವರ್ಷದ ಕೂಸು.”

ಒಂದು ಗಂಟೆ ಐವತ್ತಕ್ಕೆ ದಸ್ತಗಿರಿ ಪತ್ರಕ್ಕೆ ಅವನು ಹೆಬ್ಬೆಟ್ಟು ಒತ್ತಿದ. ಕೈಗೆ ಕೋಳ ಹಾಕಲಿಲ್ಲ. ಸಂಜೆ ಠಾಣೆಯಲ್ಲೇ ಜಾಮೀನಾಯಿತು. ಜಾಮೀನು ನಿಂತವರು ದೂರು ಕೊಟ್ಟ ಮೇಷ್ಟ್ರು. ಫಲಕಗಳ ಕೆಲಸ ಅವರೇ ನಿಲ್ಲಿಸಿದ್ದರು.

ಶುಕ್ರವಾರ ಹತ್ತೂ ಕಾಲಿಗೆ ಆರೋಪಿಯ ಸಮಕ್ಷಮ ಎರಡನೆಯ ಪಂಚನಾಮೆ. ಅಣ್ಣನನ್ನು ಕೈಹಿಡಿದು ನಡೆಸಲೆಂದು ತಂಗಿಯೂ ಬಂದಿದ್ದಳು. ಲೋಕೋಪಯೋಗಿ ಕಚೇರಿಯ ಹಳೆಯ ನಕ್ಷೆ ಹಿಡಿದು ರೇಡಿಯೊ ಗೋಡೆಯನ್ನು ಗೆಣ್ಣಿನಿಂದ ಬಡಿಯುತ್ತ ಹೋದ. ಅಡ್ಡಗೋಡೆಯ ಆಚೆ, ಮುದುಕ ಹುಡುಕುತ್ತಿದ್ದ ಜಾಗದಿಂದ ಹದಿನಾಲ್ಕು ಅಡಿ ದೂರದಲ್ಲಿ, ಸದ್ದು ಬದಲಾಯಿತು. ಮುಚ್ಚಿದ ಕಿಟಕಿ. ಅದರ ಅಂಚಿನಿಂದ ಬಲಕ್ಕೆ ಅಳೆದು ತಜ್ಞೆ ಸೀಸದಕಡ್ಡಿಯಲ್ಲಿ ಗುರುತು ಹಾಕಿದಳು. ಸಂಶೋಧನೆಗೆ ಒಂದು ಮಾದರಿ ತೆರೆಯುವ ಅನುಮತಿ ಪತ್ರ ಅವಳ ಚೀಲದಲ್ಲಿತ್ತು.

ಮುಕ್ಕಾಲು ಗಂಟೆ ಹಿಡಿಯಿತು. ಆರು ಪದರ ಪುಡಿಪುಡಿಯಾಗಿ ಉದುರಿತು. ಏಳನೆಯದರ ಅಂಚಿಗೆ ಅವಳು ಅಲಗು ತಾಗಿಸಿ ಉಸಿರು ಹಿಡಿದಳು. ಸುಣ್ಣದ ಪೊರೆ ಈರುಳ್ಳಿ ಸಿಪ್ಪೆಯಂತೆ ಇಡಿಯಾಗಿ ಎದ್ದು ಅವಳ ಅಂಗೈ ಮೇಲೆ ಬಂತು. ಹತ್ತೊಂಬತ್ತು ವರ್ಷದವನೊಬ್ಬ ಅಂದು ಲೆಕ್ಕ ಹಾಕಿದ್ದ ಹಾಗೆಯೇ.

ಪಂಚರಲ್ಲಿ ಒಬ್ಬ ತಲೆಯ ಟೋಪಿ ತೆಗೆದ.

ಮುದುಕ ಮುಂದೆ ಬಂದು ಕಣ್ಣು ಕಿರಿದು ಮಾಡಿ ನೋಡಿದ. ಹತ್ತಿರ ಹೋದ, ಹಿಂದೆ ಬಂದ. ಅವನಿಗೆ ಬೂದುಬಣ್ಣದ ಒಂದು ಮಸುಕಷ್ಟೇ ಕಾಣುತ್ತಿದೆಯೆಂದು ಇನ್ಸ್‌ಪೆಕ್ಟರ್‌ಗೆ ಅರ್ಥವಾಯಿತು.

“ಪುಟ್ಟೀ,” ಅವನು ತಂಗಿಯನ್ನು ಕರೆದ. “ನೀನು ನೋಡು. ಅವ್ವ ಹೌದಾ?”

“ನಾನೇನು ಬಲ್ಲೆ ಅಣ್ಣ?” ಎನ್ನುತ್ತಲೇ ಅವಳು ಗೋಡೆಯ ಮುಂದೆ ನಿಂತಳು. ಕೈ ತಾನಾಗಿ ತನ್ನ ಗಲ್ಲವನ್ನು ಮುಟ್ಟಿಕೊಂಡಿತು.

“ಹೇಳು, ಏನು ಕಾಣುತ್ತೆ?”

“ಅಗಲ ಹಣೆ. ಎಡಗಡೆ ಹುಬ್ಬು ಸ್ವಲ್ಪ ಮೇಲಿದೆ, ನಗೋಕೆ ಹೊರಟ ಹಾಗೆ. ತುಂಬಾ ಚಿಕ್ಕವಳು ಅಣ್ಣ, ನನ್ನ ಮಗಳಷ್ಟು ವಯಸ್ಸು. ಕಂಕುಳಲ್ಲಿ ಒಂದು ಕೂಸು. ಬಾಯಿ ದೊಡ್ಡದಾಗಿ ತೆಗೆದು ಅಳ್ತಾ ಇದೆ.”

“ಹೌದು ಕಣೆ, ಅವ್ವನೇ,” ಎಂದ ಮುದುಕ. “ಹನ್ನೊಂದು ದಿನಾನೂ ಅತ್ತಿದ್ದೆ ನೀನು. ಇನ್ನೂರು ಜನಕ್ಕೆ ನಿದ್ದೆ ಕೊಟ್ಟಿಲ್ಲ.”

ಅವಳು ನಕ್ಕಳು. ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡಳು.

ದೋಷಾರೋಪಣ ಪಟ್ಟಿ ತಿಂಗಳೊಳಗೆ ನ್ಯಾಯಾಲಯಕ್ಕೆ ಹೋಯಿತು. ಹದಿನೈದನೆಯ ಮುಖಕ್ಕಾದ ಹಾನಿಯನ್ನು ಇನ್ಸ್‌ಪೆಕ್ಟರ್ ಅದರಲ್ಲಿ ಅಳತೆ ಸಮೇತ ನಮೂದಿಸಿದಳು, ಏನನ್ನೂ ಕಡಿಮೆ ಮಾಡಲಿಲ್ಲ. ಗಂಜಿಯ ಪೊರೆಯ ಬಗ್ಗೆ ತಜ್ಞೆ ಕೊಟ್ಟ ವರದಿಯನ್ನೂ ಪೂರ್ತಿ ಲಗತ್ತಿಸಿದಳು. ಕೃತ್ಯದ ಉದ್ದೇಶ ಎಂಬಲ್ಲಿ ಬರೆದದ್ದು ಒಂದೇ ವಾಕ್ಯ: ತಂಗಿಗೆ ತಾಯಿಯನ್ನು ತೋರಿಸುವುದು.