ಒಸರುವ ಗೋಡೆ

"ಈ ಒಸ್ರೂ ಗೋಡಿಗೆ ಹಲ್ಗಿ ಹೊಡ್ದ್ ಮುಚ್ಚಿ ಅಂದ್ರೆ ನನ್ ಕೈಲ್ ಆತಿಲ್ಲ. ಬೇರೆಯವ್ರನ್ನ್ ಕರ್ಸಿ."

ಮನೆ ದುರಸ್ತಿಗೆ ಬಂದ ಕಂಟ್ರಾಕ್ಟರ್ ಅಜಿತ್ ಮೊದಲ ದಿನವೇ ಆಡಿದ ಮಾತಿಗೆ ನಿಶ್ಮಿತಾಳ ಮುಖ ಕೆಂಪಾಯಿತು.

ವಂಡ್ಸೆಯ ಆ ಮನೆಯನ್ನು ಮಾರಿ ಮಂಗಳೂರಿನ ಶಾಲೆಯ ಕೆಲಸಕ್ಕೆ ಹೋಗಿಬಿಡಬೇಕೆಂದು ಅವಳು ನಿರ್ಧರಿಸಿದ್ದಳು. ಗಂಡನನ್ನು ಬಿಟ್ಟು ತವರಿಗೆ ಬಂದ ಮೇಲೆ ಅಮ್ಮನೂ ತೀರಿಕೊಂಡಿದ್ದರು. ಊರಿನ ಕನಿಕರ ಅವಳಿಗೆ ಸಾಕಾಗಿತ್ತು.

"ಮಾರೂ ಮನೆ ಅಲ್ದಾ? ಚಂದ ಕಂಡ್ರೆ ಸಾಕ್," ಎಂದಳು.

"ಚಂದಕ್ಕೆ ಮಾರ್ಬಲ್ ಹಾಕುದ್ ಬೇಡ. ಈ ಕೆಂಪ್ ನೆಲ ತಿಕ್ಕಿ ಪಾಲಿಶ್ ಮಾಡುವ. ಬಚ್ಚಲಿನ ಪೈಪ್ ಒಡ್ದ್ ಗೋಡಿಗೆ ನೀರ್ ಇಳೀತಿತ್. ಅದನ್ ಬದ್ಲ್ ಮಾಡುವ. ಮಾಡಿನ ಪಕಾಸಿ ಮರ ಹಾಳಾದ್ದನ್ ತೆಗ್ವ. ಬಪ್ಪವ್ರ್ ಅದನ್ನೇ ಕಾಂಬುದ್."

ಅವಳು ಒಪ್ಪಿದಳು. ಕತ್ತಲಾಗಿದ್ದ ಅಡುಗೆಮನೆಗೆ ಪೂರ್ವದ ಗೋಡೆಯಲ್ಲಿ ದೊಡ್ಡ ಕಿಟಕಿ ಇಡಿಸಬೇಕೆಂದು ಹೇಳಿದವಳು ಅವಳೇ. ಬೆಳಕು ಒಳಗೆ ಬಿದ್ದ ದಿನ ಅಜಿತ್ ಸುಮ್ಮನೆ ನಿಂತು ನೋಡಿದ.

"ನಂಗಿದ್ ಹೊಳ್ದಿರ್ಲಿಲ್ಲ ಕಾಣಿ."

ಆ ಒಂದು ಮಾತಿಗೆ ತನಗೇಕೆ ಇಷ್ಟು ಸಂತೋಷವಾಗಬೇಕು? ಅವಳಿಗೆ ಭಯವಾಯಿತು. ಮದುವೆಗೆ ಮುಂಚೆ ಗಂಡನ ಕುಡಿತವನ್ನು ಎರಡೂ ಕಡೆಯವರು ಸೇರಿ ಅವಳಿಂದ ಮುಚ್ಚಿಟ್ಟಿದ್ದರು. ಅಂದಿನಿಂದ ಅವಳು ಯಾರ ಒಳ್ಳೆಯ ಮಾತನ್ನೂ ನಂಬುತ್ತಿರಲಿಲ್ಲ.

ಮುಂಬಯಿಯಲ್ಲಿ ಹೋಟೆಲ್ ನಡೆಸಿ ಊರಿಗೆ ಮರಳಿದ್ದ ಚಂದಯ್ಯ ಶೆಟ್ಟರು ಮನೆ ನೋಡಿ ಮೆಚ್ಚಿದರು. ಆದರೆ ಮುಂಗಡ ಕೊಡುವ ದಿನ ಅವರು ಬರಲೇ ಇಲ್ಲ.

ದಲ್ಲಾಳಿ ಫೋನ್ ಮಾಡಿದ. "ಗೋಡಿ ಒಳ್ಗೆ ನೀರ್ ಇಳ್ದಿತ್ ಅಂತ ನಿಮ್ ಕಂಟ್ರಾಕ್ಟರೇ ಶೆಟ್ರಿಗೆ ಹೇಳಿದ್ನಂಬ್ರ್. ಅವ್ನ್ ಭಾವಂಗೆ ಮನೆ ಕಮ್ಮಿಗೆ ಕೊಡ್ಸುಕೆ ಹೀಂಗ್ ಮಾಡಿದ್ದ್ ಇಪ್ಪೂಕೂ ಸಾಕ್."

ಅವಳು ಅಂಗಳದಲ್ಲೇ ಅಜಿತ್‌ನನ್ನು ತಡೆದಳು.

"ನೀವ್ ಹೇಳಿದ್ದ್ ಹೌದಾ?"

"ಹೌದ್. ಮೊದ್ಲ್ ನೀರ್ ಇಳೀತಿತ್ತ್, ಸರಿ ಮಾಡಿದ್ದೆ, ಮಳೆ ಬಂದ್ ಮೇಲೆ ನೀವೇ ಬಂದ್ ಕಾಣಿ ಅಂದೆ."

"ನಿಮ್ ಭಾವಂಗೆ ಬೇಕಿತ್ತ್ ಅಂತ ಮೊದ್ಲೇ ಹೇಳ್ಲಕ್ಕಿತ್ತಲ್ದಾ?"

ಅವನ ಮುಖ ಬಿಳಿಚಿಕೊಂಡಿತು. ಸಾಮಾನು ಕಟ್ಟಿಕೊಂಡು ಹೋದ.

ಬೇಗುದಿಯಲ್ಲೇ ವಾರಗಳು ಕಳೆದವು. ತಾನು ತಪ್ಪು ಮಾತಾಡಿದೆನೇ... ಅಥವಾ ಮತ್ತೆ ಮೋಸ ಹೋದೆನೇ?

ಆಷಾಢದಲ್ಲಿ ಮಳೆ ಬಿಡದೆ ಹೊಯ್ಯುತ್ತಿದ್ದಾಗ ಚಂದಯ್ಯ ಶೆಟ್ಟರು ಕೊಡೆ ಮಡಚುತ್ತಾ ಒಳಗೆ ಬಂದರು. ಅಂಗೈಯಿಂದ ಗೋಡೆ ಒತ್ತಿ ನೋಡಿದರು. ಒಣಗಿತ್ತು.

"ಅವತ್ತ್ ಹೆದ್ರಿದ್ದೆ ಮಗಾ. ಆಮೇಲ್ ಯೋಚ್ನೆ ಮಾಡ್ದೆ, ಹಾಳಾದ್ದನ್ ಹೇಳ್ದವ ಉಳ್ದ ಕೆಲ್ಸನೂ ಸಮಾ ಮಾಡಿರ್ತ. ಮನೆ ನಿಮ್ ಕ್ರಯಕ್ಕೇ ತಕಂತೆ." ಅಜಿತ್‌ಗೆ ಭಾವನೇ ಇಲ್ಲವೆಂದೂ ಅವರಿಂದಲೇ ತಿಳಿಯಿತು.

ಅವಳು ಹಟ್ಟಿಯಂಗಡಿಯಲ್ಲಿ ಅವನು ಕೆಲಸ ಮಾಡಿಸುತ್ತಿದ್ದ ಮನೆಯನ್ನು ಹುಡುಕಿಕೊಂಡು ಹೋದಳು.

"ಅವತ್ತ್ ನಾ ಹಾಂಗ್ ಹೇಳುಕಾಗ್ದಿತ್ತ್," ಎಂದಳು.

"ನಿಮ್ಗೆ ಹೇಳ್ದೆ ಅವ್ರಿಗೆ ಹೇಳಿದ್ದ್ ನನ್ ತಪ್ಪ್. ಮನೆ ನಿಮ್ದ್. ಮೊದ್ಲ್ ನಿಮ್ಮನ್ ಕೇಣ್ಕಿತ್ತ್."

"ಮತ್ತೆಂತಕ್ಕೆ ಕೇಣ್ಲಿಲ್ಲ?"

ಅವನು ನೆಲ ನೋಡಿದ. "ಕೇಂಡ್ರೆ ನೀವ್ ಬೇಡ ಅಂತಿದ್ರಿ. ಬೇಡ ಅಂದ್ರೆ ನಿಮ್ ಎದ್ರ್ ಹೋಪುಕೆ ನನ್ ಕೈಲ್ ಆತಿರ್ಲಿಲ್ಲ. ಈಗೀಗ ನೀವ್ ಎಂತ ಹೇಳ್ರೂ ನಂಗೆ ಹೂಂ ಅನ್ಕ್ ಅಂತ್ಲೇ ಕಾಂತ್."

ಮನೆ ಮಾರಿಯಾಗಿತ್ತು. ಇನ್ನು ಅವನನ್ನು ಕಾಣಲು ನೆಪವೂ ಇರಲಿಲ್ಲ.

"ಸೋಮವಾರ ಮಂಗ್ಳೂರಿಗೆ ಹೋತೆ."

"ಹೋಯ್ನಿ. ಆ ಕೆಲ್ಸ ಬಿಡ್ಬೇಡಿ." ಕೈ ಒರೆಸಿಕೊಳ್ಳುತ್ತಾ ಕೇಳಿದ, "ಒಂದ್ ಆಯ್ತವಾರ ನಾ ಅಲ್ಲಿಗೆ ಬರ್ಲಾ?"

"ಎಂತಕ್ಕೆ?"

"ನಿಮ್ಮನ್ ಕಾಂಬುಕೆ. ಬೇರೆ ಎಂತಕ್ಕೂ ಅಲ್ಲ."

"ನಂಗ್ ಹೆದ್ರಿಕೆ ಆತ್ ಅಜಿತ್..."

"ನಂಗೂ ಆತ್."

ಅವಳು ಕಣ್ಣೊರೆಸಿಕೊಂಡಳು.

"ಮಧ್ಯಾಹ್ನದ್ ಊಟಕ್ಕೇ ಬನ್ನಿ," ಎಂದಳು.